ಕೆ. ಜೆ. ಶಾ ಮತ್ತು ಧಾರವಾಡದ ವಿಶ್ಲೇಷಣಾ ತತ್ತ್ವಶಾಸ್ತ್ರ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದ ಪ್ರೊ. ಕೆ. ಜೆ. ಶಾ, ತತ್ತ್ವಜ್ಞ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಅವರ ಎದುರು ಕೂತು ಪಾಠ ಕೇಳಿದ ಕೆಲವೇ ಭಾರತೀಯರಲ್ಲಿ ಒಬ್ಬರು. ವಿಶ್ಲೇಷಣಾ ತತ್ತ್ವಶಾಸ್ತ್ರದ ಚರಿತ್ರೆ ಬರೆಯುವವರಿಗೆ ಆ ಪಾಠಗಳಲ್ಲಿ ಶಾ ಬರೆದುಕೊಂಡ ಟಿಪ್ಪಣಿಗಳು ಇಂದಿಗೂ ಮೂಲ ಆಕರ.

ಈ ಚಿಂತನಾಪಂಥ ಜರ್ಮನಿಯ ಗೊಟ್ಲೋಬ್ ಫ್ರೇಗೆ, ಕೇಂಬ್ರಿಜ್‌ನ ಬರ್ಟ್ರಂಡ್ ರಸೆಲ್ ಮತ್ತು ಜಿ. ಇ. ಮೂರ್ ಅವರಿಂದ ಬೆಳೆಯಿತು. ಉತ್ತರ ಹುಡುಕುವ ಮೊದಲು ಪ್ರಶ್ನೆಯ ಮಾತುಗಳನ್ನೇ ಬಿಡಿಸಿ ನೋಡುವುದು ಅದರ ಪದ್ಧತಿ.

ಶಾ ಕೇಂಬ್ರಿಜ್‌ನಲ್ಲಿ ಪಾಠ ಕೇಳಿದ್ದು 1946-47ರಲ್ಲಿ. ಅದು ವಿಟ್‌ಗೆನ್‌ಸ್ಟೈನ್ ಪಾಠ ಹೇಳಿದ ಕೊನೆಯ ವರ್ಷ; 1947ರಲ್ಲಿ ಅವರು ಪ್ರಾಧ್ಯಾಪಕ ಹುದ್ದೆ ಬಿಟ್ಟರು. ಟ್ರಿನಿಟಿ ಕಾಲೇಜಿನ ಅವರ ಕೋಣೆಯ ಗೋಡೆಗಳು ಬರಿದು, ಕೂರಲು ಕ್ಯಾನ್ವಾಸ್ ಕುರ್ಚಿ. ಕೈಯಲ್ಲಿ ಬರೆದ ಪಾಠವಿಲ್ಲದೆ, ಅಲ್ಲೇ ಯೋಚಿಸುತ್ತ ಮಾತಾಡುವುದು ಅವರ ರೀತಿ. ಆ ವರ್ಷದ ವಿಷಯ ಮನಸ್ಸು: ನೋವು, ಯೋಚನೆ, ಅರ್ಥ. ‘ನೋವು’ ಎಂಬ ಮಾತು ಮಗುವಿಗೆ ಹೇಗೆ ಬರುತ್ತದೆ? ಬಿದ್ದ ಮಗು ಅಳುತ್ತದೆ, ಅವ್ವ ಓಡಿಬಂದು ‘ಪೆಟ್ಟಾತೇನು?’ ಎನ್ನುತ್ತಾಳೆ, ಮುಂದೊಂದು ದಿನ ಅಳುವಿನ ಜಾಗಕ್ಕೆ ಮಾತು ಬರುತ್ತದೆ. ವಿಟ್‌ಗೆನ್‌ಸ್ಟೈನ್ ವಿಚಾರದ ದಾರಿ ಇಂಥದ್ದು.

1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಮುಂಬೈಯಿಂದ ಧಾರವಾಡಕ್ಕೆ ಬಂತು. ಆ ಊರಿನಲ್ಲಿ ಶಾ ಕೇಂಬ್ರಿಜ್ ಪಾಠವನ್ನು ಒಪ್ಪಿಸುತ್ತ ಕೂರಲಿಲ್ಲ. ಅದೇ ಪದ್ಧತಿಯನ್ನು ಭಾರತೀಯ ಗ್ರಂಥಗಳ ಓದಿಗೆ ಹಚ್ಚಿದರು.

ಸಮಾಜಶಾಸ್ತ್ರಜ್ಞ ಟಿ. ಎನ್. ಮದನ್ ಸಂಪಾದಿಸಿದ 1982ರ ಸಂಕಲನದಲ್ಲಿರುವ, ‘ಅರ್ಥಶಾಸ್ತ್ರ’ ಗ್ರಂಥ ಕುರಿತ ಶಾ ಅವರ ಲೇಖನ ಇದಕ್ಕೆ ಸಾಕ್ಷಿ. ಪುರುಷಾರ್ಥಗಳು ನಾಲ್ಕು ಬೇರೆ ಬೇರೆ ಗುರಿಗಳಲ್ಲ ಎಂಬುದು ಅಲ್ಲಿನ ವಾದ. ಅರ್ಥವೊಂದನ್ನೇ ಹಿಡಿದರೆ ಅದು ದುರಾಸೆ, ಕಾಮವೊಂದೇ ಆದರೆ ಬರೀ ಲಾಲಸೆ, ಧರ್ಮವೊಂದೇ ಆದರೆ ಯಾಂತ್ರಿಕ ಆಚರಣೆ, ಮೋಕ್ಷವೊಂದೇ ಆದರೆ ಪಲಾಯನ. ನಾಲ್ಕೂ ಕೂಡಿದರೇನೇ ಬಾಳಿನ ಗುರಿ ಒಂದಾಗುತ್ತದೆ.

ಇನ್ನು ಆ ಟಿಪ್ಪಣಿಗಳ ಮಾತು: ವಿಟ್‌ಗೆನ್‌ಸ್ಟೈನ್ ಬದುಕಿದ್ದಾಗ ಅಚ್ಚಾದ ಅವರ ತತ್ತ್ವಗ್ರಂಥ ಒಂದೇ. ಹಾಗಾಗಿ ಶಿಷ್ಯರ ಟಿಪ್ಪಣಿಗಳಿಗೆ ಬೆಲೆ ಹೆಚ್ಚು. ಕೊನೆಯ ವರ್ಷದ ಪಾಠಗಳು ಪೀಟರ್ ಗೀಚ್ ಸಂಪಾದಕತ್ವದಲ್ಲಿ 1988ರಲ್ಲಿ ಅಚ್ಚಾದವು. ಗೀಚ್, ಶಾ, ಆಸ್ಟ್ರೇಲಿಯದ ಎ. ಸಿ. ಜ್ಯಾಕ್ಸನ್ ಮೂವರೂ ಬರೆದುಕೊಂಡದ್ದನ್ನು ಒಂದರಲ್ಲೊಂದು ಬೆರೆಸದೆ, ಬೇರೆ ಬೇರೆಯಾಗಿಯೇ ಆ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಒಂದೇ ಪಾಠ ಮೂರು ಕಿವಿಗಳಿಗೆ ಹೇಗೆ ಕೇಳಿಸಿತೆಂದು ಓದುಗರೇ ಹೋಲಿಸಿ ನೋಡಬಹುದು.