ಸ್ಮೃತಿರಕ್ಷಣೆಯ ಎಲ್ಲೆಯೂ ಅದರ ವೆಚ್ಚವೂ

ದಾವಣಗೆರೆಗೆ ಸಮೀಪದ ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನು ಕ್ರಿ. ಶ. 1224ರಲ್ಲಿ ಕಟ್ಟಿಸಿದ ಆಲಯದ ಏಕವಿಗ್ರಹದಲ್ಲಿ ಬಲಭಾಗವು ಹರನದು, ಎಡಭಾಗವು ಹರಿಯದು. ನಡುವಣ ಎಲ್ಲೆಗೆ ಬೇರೆ ಶಿಲೆ ಬೇಕಾಗಲಿಲ್ಲ. ಒಂದೇ ಮೈಕ್ರೊಕಂಟ್ರೋಲರಿನಲ್ಲಿ ಹಲವು ತಂತ್ರಾಂಶಗಳನ್ನು ಒಂದರ ಸ್ಮೃತಿಯನ್ನು ಇನ್ನೊಂದು ಮುಟ್ಟದಂತೆ ನೆಲೆಗೊಳಿಸುವಲ್ಲಾದರೋ ಎಲ್ಲೆಯೇ ವೆಚ್ಚಕ್ಕೆ ಮೂಲ. ಆರ್ಮ್ ಸಂಸ್ಥೆಯ 2004ರ ಕಾರ್ಟೆಕ್ಸ್-ಎಂ3ರಲ್ಲಿ ರಕ್ಷಣಾಂಗವು ಐಚ್ಛಿಕ, ವಲಯಗಳು ಎಂಟು. ವಲಯದ ಅಳತೆಯು ಎರಡರ ಘಾತವಾಗಿರಬೇಕೆಂಬ ನಿಯಮದಿಂದ ವಿಳಾಸದ ಮೇಲಣ ಅಂಕಿಗಳನ್ನಷ್ಟೇ ಹೋಲಿಸಿದರೆ ಸಾಕಾಯಿತು. ಆದರೆ 33 ಕಿಲೋಬೈಟನ್ನು ಕಾಯಲು 64ರ ವಲಯವನ್ನೇ ಹಿಡಿಯಬೇಕು. ಅದರ ಎಂಟು ಉಪವಲಯಗಳಲ್ಲಿ ಮೂರನ್ನು ಬಿಟ್ಟರೂ 40 ಉಳಿಯುವುದು. ಸಿಲಿಕಾನಿನಲ್ಲಿ ಉಳಿಸಿದ್ದನ್ನು ಸ್ಮೃತಿಯಲ್ಲಿ ತೆತ್ತಂತಾಯಿತು! 2015ರಲ್ಲಿ ಪ್ರಕಟವಾದ ಎಂಟನೆಯ ಆವೃತ್ತಿಯು ಆದ್ಯಂತಗಳೆರಡನ್ನೂ ಹೋಲಿಸಿ, 32 ಬೈಟುಗಳ ಲೆಕ್ಕದಲ್ಲಿ ಎಲ್ಲೆ ಹಾಕಿತು. 2016ರ ಕಾರ್ಟೆಕ್ಸ್-ಆರ್52 ಅತಿಥಿ ತಂತ್ರಾಂಶಕ್ಕೊಂದು, ಮೇಲ್ವಿಚಾರಕನಿಗೊಂದು ಎಂದು ಎರಡು ಹಂತಗಳ ರಕ್ಷಣೆಯನ್ನಿಟ್ಟಿತು. ಹೋಲಿಸುವ ಅಂಗಗಳೂ ಅದಕ್ಕೆ ತಕ್ಕಂತೆ ಹೆಚ್ಚಿದುವು.