ತಲೆ ಮೊದಲು, ಮುಖ ಆಮೇಲೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ನಮ್ಮ ಜಿಲ್ಲೆಯ ಈ ನಾಲ್ಕರಲ್ಲಿ ಯಾವ ಊರಿನ ಹೆಲ್ಮೆಟ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಹಾಫಾ, ಫುಲ್ಲಾ?" ಈ 'ಹಾಫ್' ಅನ್ನೋ ಮಾತಿನೊಳಗೆ ಎರಡು ಬೇರೆ ಬೇರೆ ವಸ್ತು ಸೇರಿಕೊಂಡಿವೆ. ಒಂದು, ಕಿವಿಯ ಮೇಲಕ್ಕೇ ನಿಂತುಬಿಡೋ ತೆಂಗಿನ ಚಿಪ್ಪಿನಂಥ ಟೋಪಿ. ಇನ್ನೊಂದು, ಕಿವಿ, ತಲೆಯ ಹಿಂಭಾಗ ಎಲ್ಲ ಮುಚ್ಚಿ ಮುಖವನ್ನು ಮಾತ್ರ ಬಿಡೋ ಓಪನ್ ಫೇಸ್. 'ಫುಲ್' ಅಂದರೆ ಗದ್ದದ ಮುಂದೆಯೂ ಗಟ್ಟಿ ಪಟ್ಟಿ ಇರೋ ಫುಲ್ ಫೇಸ್.

ಅಂಗಡಿಯಲ್ಲಿ ಇವು ಒಂದೇ ಹಗ್ಗಕ್ಕೆ ನೇತುಬಿದ್ದಿರೋದರಿಂದ ಮೂರು ಮಾಡೆಲ್ ಅಂದುಕೊಳ್ಳುತ್ತೇವೆ. ಇತಿಹಾಸ ಓದಿದರೆ ಬೇರೆ ಕಾಣುತ್ತೆ. ಇವು ಮೂರು ಕಾಲಗಳು. ಒಂದೊಂದೂ ಒಂದೊಂದು ಕಾಲದ ಪ್ರಶ್ನೆಗೆ ಸಿಕ್ಕ ಉತ್ತರ. ಯಾವುದನ್ನು ತಲೆಗೆ ಏರಿಸಿಕೊಳ್ಳುತ್ತೀರೋ ಅಲ್ಲಿಯವರೆಗಿನ ತಿಳಿವಳಿಕೆ ಮಾತ್ರ ನಿಮ್ಮನ್ನು ಕಾಯುತ್ತೆ.

ಮೊದಲ ಪ್ರಶ್ನೆ ಎದ್ದದ್ದು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ. ಅಲ್ಲಿನ ವೈದ್ಯ ಎರಿಕ್ ಗಾರ್ಡನರ್‌ಗೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರನ್ನು ನೋಡಿ ನೋಡಿ ಸಾಕಾಗಿತ್ತು. ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿದ ಟೋಪಿಯನ್ನು ಅವರು ಮಾಡಿಸಿದರು. 1914ರ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ ಅದು ಕಡ್ಡಾಯವಾಯಿತು. ಪ್ರತಿ ವರ್ಷ ರೇಸ್ ಮುಗಿದ ಮೇಲೆ ತಲೆಪೆಟ್ಟಿನ ಕೇಸುಗಳು ಬರುತ್ತಿದ್ದವು, ಈ ಸಲ ಒಂದೂ ಬರಲಿಲ್ಲ ಅಂತ ಆ ದ್ವೀಪದ ಆಸ್ಪತ್ರೆಯಿಂದ ಅವರಿಗೆ ಪತ್ರ ಬಂತು ಅನ್ನೋ ಕತೆ ಇವತ್ತಿಗೂ ಓಡಾಡುತ್ತೆ. ಆದರೆ ಅದು ರೇಸಿನವರ ಸಮಾಚಾರ. ದಾರಿಯಲ್ಲಿ ಬೈಕ್ ಓಡಿಸೋ ಮಾಮೂಲಿ ಮನುಷ್ಯನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆ ಸಂಬಂಧ ಹುಟ್ಟಿದ್ದು ಒಂದು ಸಾವಿನಿಂದ. 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ 13ರಂದು ತನ್ನ ಬ್ರೌ ಸುಪೀರಿಯರ್ ಬೈಕಿನಲ್ಲಿ ಮನೆ ಕಡೆ ಹೋಗುತ್ತಿದ್ದಾಗ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆ ಮೇಲೆ ಏನೂ ಇರಲಿಲ್ಲ. ಆರು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದು, ಮೇ 19ರಂದು ತೀರಿಕೊಂಡರು. ವಯಸ್ಸು 46. ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನೋ ಮೆದುಳಿನ ಶಸ್ತ್ರಚಿಕಿತ್ಸಕರೂ ಒಬ್ಬರು. ಉಳಿಸಲಿಕ್ಕೆ ಆಗಲಿಲ್ಲ. ಆದರೆ ಆ ವಿಷಯವನ್ನು ಅವರು ಅಲ್ಲಿಗೇ ಬಿಡಲಿಲ್ಲ.

ಯುದ್ಧ ಶುರುವಾಯಿತು. ರಾತ್ರಿ ಹೊತ್ತು ದೀಪ ಆರಿಸಿದ ರಸ್ತೆಗಳಲ್ಲಿ ಸೇನೆಯ ಓಲೆ ಹೊತ್ತು ಬೈಕಿನಲ್ಲಿ ಓಡೋ ಹುಡುಗರು ಸಾಯತೊಡಗಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಬೈಕ್ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು ಅಂತ ಕೇರ್ನ್ಸ್ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹೆಲ್ಮೆಟ್ ಹಾಕಿಕೊಂಡು ಬಿದ್ದವರಲ್ಲಿ ಅವರು ಕಂಡದ್ದು ಏಳೇ ಜನ. ಏಳೂ ಜನ ಬದುಕಿದ್ದರು. ಅದೇ ವರ್ಷ ನವೆಂಬರಿನಲ್ಲಿ ಸೇನೆಯ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಸಾವುಗಳು ಇಳಿದವು. ಆದರೂ ಸಾಮಾನ್ಯ ಜನಕ್ಕೆ ಬ್ರಿಟನ್ ಅದನ್ನು ಕಡ್ಡಾಯ ಮಾಡಿದ್ದು 1973ರಲ್ಲಿ, ಅಂದರೆ 32 ವರ್ಷದ ನಂತರ. ಅಷ್ಟು ಹೊತ್ತಿಗೆ ಕೇರ್ನ್ಸ್ ತೀರಿಕೊಂಡು 21 ವರ್ಷ ಆಗಿತ್ತು.

ಕೇರ್ನ್ಸ್ ಮೆದುಳಿನ ಡಾಕ್ಟರು. ಹಾಗಾಗಿ ಅವರ ಪ್ರಶ್ನೆ ಮೆದುಳು ಉಳಿಯುತ್ತಾ ಅನ್ನೋದು. ಹಲ್ಲು, ದವಡೆ, ಮೂಗು ಆ ಲೆಕ್ಕದಲ್ಲಿ ಬರಲಿಲ್ಲ. ನಮ್ಮ ಪತ್ರಿಕೆಗಳು ಹೆಲ್ಮೆಟ್‌ಗೆ ಬಳಸೋ 'ಶಿರಸ್ತ್ರಾಣ' ಅನ್ನೋ ಪದವೂ ಹಾಗೇ ಇದೆ ನೋಡಿ. ಶಿರಸ್ಸನ್ನು ಕಾಯೋದು, ಅಷ್ಟೇ. ಅದರಲ್ಲಿ ಮುಖ ಇಲ್ಲ.

ಎರಡನೇ ಹೆಜ್ಜೆ ಅಮೆರಿಕದಲ್ಲಿ. ಗಟ್ಟಿ ಚಿಪ್ಪು ಒಂದೇ ಇದ್ದರೆ ಸಾಲದು, ಪೆಟ್ಟನ್ನು ತಿನ್ನೋಕೆ ಒಳಗೆ ಇನ್ನೇನೋ ಬೇಕು ಅಂತ ಕಂಡುಕೊಂಡವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಲೊಂಬಾರ್ಡ್ ಮತ್ತು ಹರ್ಮನ್ ರಾತ್. ಅವರ ಪೇಟೆಂಟ್ 1953ರದ್ದು. ಇವತ್ತು ಹೆಲ್ಮೆಟ್ಟಿನ ಒಳಗೆ ಇರೋ ಪದರ ಬೇರೇನಲ್ಲ, ಗಣಪತಿ ಮಂಟಪಕ್ಕೆ ಕತ್ತರಿಸ್ತೀವಲ್ಲ ಆ ಥರ್ಮಾಕೋಲಿನ ಗಟ್ಟಿ ತಮ್ಮ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗುತ್ತೆ. ಜಜ್ಜಿಹೋಗೋ ಆ ಕೆಲವೇ ಮಿಲಿಸೆಕೆಂಡುಗಳಲ್ಲಿ ತಲೆ ಥಟ್ಟನೆ ನಿಲ್ಲದೆ ಸ್ವಲ್ಪ ನಿಧಾನವಾಗಿ ನಿಲ್ಲುತ್ತೆ. ಒಂದು ಸಲ ಜಜ್ಜಿದ್ದು ಮತ್ತೆ ಉಬ್ಬೋದಿಲ್ಲ. ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಎಸೆಯಿರಿ ಅನ್ನೋದು ಇದಕ್ಕೇ. 1954ರಲ್ಲಿ ಬೆಲ್ ಕಂಪನಿ '500' ಹೆಸರಿನ ಹೆಲ್ಮೆಟ್ ತಂತು. ಆ ಕಾಲದ ಓಪನ್ ಫೇಸ್‌ಗಳು ಜೆಟ್ ವಿಮಾನದ ಪೈಲಟ್‌ಗಳ ಹೆಲ್ಮೆಟ್ಟಿನ ನೆಂಟರು. ಯುರೋಪಿನಲ್ಲಿ ಇವತ್ತಿಗೂ ಅದನ್ನು 'ಜೆಟ್ ಹೆಲ್ಮೆಟ್' ಅಂತಲೇ ಕರೀತಾರೆ. ವಿಮಾನದಲ್ಲಿ ಕೂತವನು ರಸ್ತೆ ಮೇಲೆ ಮುಖ ಕೆಳಗಾಗಿ ಜಾರೋದಿಲ್ಲ ಅನ್ನೋದನ್ನು ಮಾತ್ರ ನೆನಪಿಡಿ.

ಮುಖ ಲೆಕ್ಕಕ್ಕೆ ಬಂದದ್ದು ಮೂರನೇ ಹೆಜ್ಜೆಯಲ್ಲಿ. ಡ್ಯಾನ್ ಗರ್ನಿ ಅನ್ನೋ ಅಮೆರಿಕದ ರೇಸ್ ಡ್ರೈವರ್ ತುಂಬಾ ಎತ್ತರದ ಮನುಷ್ಯ. ತೆರೆದ ಕಾರಿನಲ್ಲಿ ಕೂತರೆ ತಲೆ ಮೇಲಕ್ಕೆ ಚಾಚಿಕೊಂಡು, ಮುಂದಿನ ಕಾರು ಎಬ್ಬಿಸಿದ ಕಲ್ಲು, ಮಣ್ಣು ಎಲ್ಲ ನೇರ ಮುಖಕ್ಕೆ. 1968ರಲ್ಲಿ ಜರ್ಮನಿಯ ನೂರ್ಬರ್ಗ್‌ರಿಂಗ್ ರೇಸಿಗೆ ಅವರು ಬೆಲ್ ಕಂಪನಿಯ 'ಸ್ಟಾರ್' ಹೆಲ್ಮೆಟ್ ಹಾಕಿಕೊಂಡು ಬಂದರು. ಗದ್ದವನ್ನೂ ಮುಚ್ಚಿದ ಹೆಲ್ಮೆಟ್. ಕೆಲವೇ ವರ್ಷಗಳಲ್ಲಿ ರೇಸಿನವರೆಲ್ಲ ಅದಕ್ಕೆ ಬಂದರು.

ಆಮೇಲೆ ಲೆಕ್ಕ ಹಾಕೋರು ಬಂದರು. ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲಿಸ್‌ನಲ್ಲಿ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ನೋಡಿ 1981ರಲ್ಲಿ ವರದಿ ಕೊಟ್ಟಿತು. ಮುಖ ಮುಚ್ಚೋ ಹೆಲ್ಮೆಟ್ ಮುಖದ ಗಾಯಗಳನ್ನು ಗಣನೀಯವಾಗಿ ಕಡಿಮೆ ಮಾಡುತ್ತೆ ಅನ್ನೋದು ಅದರ ಒಂದು ಮಾತು. ಹೆಲ್ಮೆಟ್ಟಿನಿಂದ ಕಿವಿ ಕೇಳಲ್ಲ, ಪಕ್ಕ ಕಾಣಲ್ಲ ಅನ್ನೋ ದೂರಿಗೆ ಆಧಾರ ಸಿಗಲಿಲ್ಲ ಅನ್ನೋದು ಇನ್ನೊಂದು. ಜರ್ಮನಿಯಲ್ಲಿ ಡೀಟ್‌ಮಾರ್ ಒಟ್ಟೆ ಅಪಘಾತಕ್ಕೆ ಸಿಕ್ಕ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ, ಪೆಟ್ಟು ಎಲ್ಲೆಲ್ಲಿ ಬಿದ್ದಿದೆ ಅಂತ ಗುರುತು ಹಾಕಿದರು. ಹೆಚ್ಚುಕಡಿಮೆ ಮೂರನೇ ಒಂದು ಪಾಲು ಪೆಟ್ಟು ಬಿದ್ದದ್ದು ಗದ್ದದ ಸುತ್ತ. ಓಪನ್ ಫೇಸ್‌ನಲ್ಲಿ ಬರೀ ಗಾಳಿ ಇರೋ ಜಾಗದಲ್ಲಿ.

ಈಗ ನಮ್ಮ ಕಡೆ ಬರೋಣ. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ 1961ರಲ್ಲಿ ಶುರುವಾಯಿತು. ಜಾವಾ, ಆಮೇಲೆ ಯೆಜ್ಡಿ, ಹೊಳೆನರಸೀಪುರದ ಮೇಲಿನ ಮೈಸೂರು ರಸ್ತೆಯಲ್ಲಿ ಹಾಸನದ ಕಡೆಗೆ ಹರಿದುಬಂದವು. ಹಾಲಿನ ಕ್ಯಾನು, ಆಲೂಗಡ್ಡೆ ಮೂಟೆ, ಗಂಡ, ಹೆಂಡತಿ, ಎರಡು ಮಕ್ಕಳು, ಎಲ್ಲವನ್ನೂ ಹೊತ್ತವು. ಹೆಲ್ಮೆಟ್ ಒಂದನ್ನು ಬಿಟ್ಟು. ನಮ್ಮ ದೇಶದಲ್ಲಿ ಹೆಲ್ಮೆಟ್ಟಿಗೆ ಮಾನಕ ಇರಲಿಲ್ಲ ಅಂತಲ್ಲ, ಐಎಸ್ 4151 ಅನ್ನೋ ಮಾನಕ 1967ರಲ್ಲೇ ಬಂದಿತ್ತು. ಹೆಲ್ಮೆಟ್ ಮಾಡೋರು ದೂರ ಇದ್ದರು ಅಂತಲೂ ಅಲ್ಲ, ವೇಗಾ ಕಂಪನಿ ನಮ್ಮ ಬೆಳಗಾವಿಯದ್ದೇ. ತಡವಾದದ್ದು ಕಾನೂನು. ಮೋಟಾರು ವಾಹನ ಕಾಯ್ದೆ 1988ರದ್ದು, ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ. ಅದರ 129ನೇ ಸೆಕ್ಷನ್ ಹೆಲ್ಮೆಟ್ ಹಾಕಿ ಅಂತು. ಬೆಂಗಳೂರಿನಲ್ಲಿ ಅದು ನಿಜವಾಗಿ ತಲೆ ಮೇಲೆ ಬಂದದ್ದು 2006ರ ನವೆಂಬರಿನಲ್ಲಿ. ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯ ಅಂದದ್ದು 2016ರ ಜನವರಿಯಲ್ಲಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾಡೋದು, ಮಾರೋದೇ ಅಪರಾಧ.

ಇಷ್ಟೆಲ್ಲ ಆದರೂ ಆ 129ನೇ ಸೆಕ್ಷನ್ ಓದಿ ನೋಡಿ. ತಲೆಗೆ ರಕ್ಷಣೆ ಕೊಡಬೇಕು, ಪಟ್ಟಿಯಿಂದ ಭದ್ರವಾಗಿ ಬಿಗಿದಿರಬೇಕು ಅನ್ನುತ್ತೆ. ಗದ್ದದ ಸುದ್ದಿ ಎತ್ತೋದಿಲ್ಲ. ಪೊಲೀಸಿನವರು ಹಿಡಿಯೋದು ತಲೆ ಖಾಲಿ ಇದ್ದರೆ ಅಥವಾ ಚಿಪ್ಪಿನ ಟೋಪಿ ಇದ್ದರೆ. ಓಪನ್ ಫೇಸ್ ಹಾಕಿದವನನ್ನು ಯಾರೂ ಏನೂ ಕೇಳೋ ಹಾಗಿಲ್ಲ. ಅಂದರೆ ಕಾನೂನು ಕೇರ್ನ್ಸ್ ಕೇಳಿದ ಪ್ರಶ್ನೆ ಹತ್ತಿರವೇ ನಿಂತಿದೆ. ಅಲ್ಲಿಂದ ಮುಂದಿನ ಹೆಜ್ಜೆ ನಮ್ಮ ಪಾಲಿಗೆ ಬಿಟ್ಟದ್ದು.

ನಮ್ಮ ಜನ ಆ ಹೆಜ್ಜೆ ಯಾಕೆ ಇಡಲ್ಲ? ದುಡ್ಡು ಅಂತಾರೆ. ಐಎಸ್‌ಐ ಗುರುತಿನ ಫುಲ್ ಫೇಸ್ ಸಾವಿರ ರೂಪಾಯಿ ಆಸುಪಾಸಿನಲ್ಲೇ ಸಿಗುತ್ತೆ. ಸೆಕೆ ಅಂತಾರೆ. ಏಪ್ರಿಲ್‌ನಲ್ಲಿ ಚನ್ನರಾಯಪಟ್ಟಣದ ಬಿಸಿಲಿನಲ್ಲಿ ಅದು ನಿಜ, ಆದರೆ ಡಿಸೆಂಬರಿನ ಇಬ್ಬನಿಯಲ್ಲೂ ಅದೇ ಮಾತು ಹೇಳ್ತಾರೆ. ಎಲೆ ಅಡಿಕೆ ಉಗಿಯೋಕೆ ಆಗಲ್ಲ ಅಂತಾರೆ. ಅದೂ ನಿಜ. ಆದರೆ ಅಸಲಿ ಕಾರಣ ಹೇಳಿದ್ದು ನಮ್ಮಪ್ಪ. ಫುಲ್ ಫೇಸ್ ಕೈಗೆ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ ಅಂದರು: "ಮುಖ ಮುಚ್ಕಂಡು ಹೋಗಕೆ ನಾನೇನ್ ಕಳ್ಳನೇನ್ಲಾ?"

ಇದು ನಗೋ ಮಾತಲ್ಲ. ಬೆಂಗಳೂರಿನಲ್ಲಿ ಹೆಲ್ಮೆಟ್ಟಿನ ಒಳಗೆ ಯಾರಿದ್ದರೂ ಯಾರಿಗೂ ಬೇಕಿಲ್ಲ. ಊರಿಂದ ಹೊಳೆನರಸೀಪುರದ ಸಂತೆಗೆ ಹೋಗೋ ಮನುಷ್ಯ ದಾರಿಯಲ್ಲಿ ಇಪ್ಪತ್ತು ಜನಕ್ಕೆ ತಲೆ ಆಡಿಸಬೇಕು. ಅರಳಿಕಟ್ಟೆ ಮೇಲೆ ಕೂತ ಹಿರಿಯರಿಗೆ ಮುಖ ತೋರಿಸದೆ ಹೋದರೆ ಸಂಜೆಗೆ ಮಾತು ಬರುತ್ತೆ: "ಏನಪ್ಪ, ಬಾಳ ದೊಡ್ಡೋನಾಗಿದೀಯ." ಮುಖ ಕೊಟ್ಟು ಮಾತಾಡೋದು, ಮುಖ ನೋಡಿ ಸಾಲ ಕೊಡೋದು, ಮುಖ ಎತ್ತಿ ತಿರುಗೋದು, ಇದೆಲ್ಲ ನಮ್ಮಲ್ಲಿ ಬರೀ ನುಡಿಗಟ್ಟಲ್ಲ, ದಿನದ ವ್ಯವಹಾರ. ಕೇರ್ನ್ಸ್‌ಗಾಗಲಿ ಗರ್ನಿಗಾಗಲಿ ಈ ಸಮಸ್ಯೆ ಇರಲಿಲ್ಲ.

ಅವರಿಗೆ ಇಲ್ಲದ ಇನ್ನೊಂದು ಸಮಸ್ಯೆ ನಮ್ಮ ರಸ್ತೆಯ ಒಕ್ಕಣೆ. ಡಿಸೆಂಬರ್, ಜನವರಿಯಲ್ಲಿ ಅರಕಲಗೂಡು, ಹೊಳೆನರಸೀಪುರದ ಹಳ್ಳಿ ರಸ್ತೆಗಳಲ್ಲಿ ಹೋಗಿ ನೋಡಿ. ರಾಗಿ, ಹುರುಳಿ ಎಲ್ಲ ಟಾರ್ ಮೇಲೆ. ಸಗಣಿ ಸಾರಿಸಿ ಕಣ ಮಾಡೋಕೆ ಆಳು ಸಿಗಲ್ಲ, ಬಸ್ಸು ಲಾರಿ ಹರಿದರೆ ಕಾಳು ಪುಕ್ಕಟೆ ಉದುರುತ್ತೆ. ರೈತನ ಕಡೆಯಿಂದ ನೋಡಿದರೆ ಲೆಕ್ಕ ಸರಿ. ಬೈಕಿನವನಿಗೆ ಅದು ಎಣ್ಣೆ ಚೆಲ್ಲಿದ ನೆಲ. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಮೊದಲು ಜಾರುತ್ತೆ. ಮುಂದಿನ ಚಕ್ರ ಜಾರಿದರೆ ಮನುಷ್ಯ ಮುಂದಕ್ಕೇ ಬೀಳ್ತಾನೆ, ಮುಖ ಕೊಟ್ಟು.

ನಮ್ಮ ದೊಡ್ಡಪ್ಪ ಬಿದ್ದದ್ದು ಹಾಗೆ. ಕಾನೂನಿನ ಪ್ರಕಾರ ಅವರದ್ದೇನೂ ತಪ್ಪಿರಲಿಲ್ಲ. ಐಎಸ್‌ಐ ಗುರುತಿನ ಓಪನ್ ಫೇಸ್, ಪಟ್ಟಿ ಬಿಗಿದಿತ್ತು, ವೇಗ ನಲವತ್ತು ದಾಟಿರಲಿಲ್ಲ. ತಲೆಗೆ ಒಂದು ಗೀರೂ ಆಗಲಿಲ್ಲ. ಕೇರ್ನ್ಸ್ ಗೆದ್ದರು ಅನ್ನಿ. ಕೆಳದವಡೆ ಎರಡು ಕಡೆ ಮುರಿದಿತ್ತು, ಮುಂದಿನ ನಾಲ್ಕು ಹಲ್ಲು ರಸ್ತೆ ಮೇಲೇ ಉಳಿದವು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಆರು ವಾರ ಬಾಯಿ ಕಟ್ಟಿದರು. ಗಂಜಿ, ಹಾಲು, ಸಾರಿನ ತಿಳಿ, ಎಲ್ಲ ಸ್ಟ್ರಾದಲ್ಲಿ. ಮುದ್ದೆಯನ್ನು ಅಗಿಯೋ ಹಾಗಿಲ್ಲ ನಿಜ, ಆದರೆ ನುಂಗೋಕೂ ಬಾಯಿ ತೆಗೀಬೇಕಲ್ಲ. ಆರು ವಾರದ ನಂತರ ತಂತಿ ಬಿಚ್ಚಿದರು. ಮಾತು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಕಟ್ಟೆ ಮೇಲೆ ಕೂತವರು ಮಾತಾಡಿಸಿದರೆ ಈಗ ಬಾಯಿಗೆ ಟವೆಲ್ ಅಡ್ಡ ಹಿಡಿದು ಉತ್ತರ ಕೊಡ್ತಾರೆ. ಮುಖ ಕಾಣಲಿ ಅಂತ ಓಪನ್ ಫೇಸ್ ಹಾಕುತ್ತಿದ್ದ ಮನುಷ್ಯ.

ಅಪ್ಪನಂಥವರಿಗೆ ಇತಿಹಾಸದಲ್ಲೇ ಒಂದು ಉತ್ತರ ಇದೆ. ಗದ್ದದ ಪಟ್ಟಿಯನ್ನು ಮೇಲಕ್ಕೆ ಎತ್ತಬಹುದಾದ ಹೆಲ್ಮೆಟ್ಟನ್ನು 1981ರಲ್ಲಿ ಬಿಎಂಡಬ್ಲ್ಯೂ ಮಾರುಕಟ್ಟೆಗೆ ತಂತು. ಈಗ ನಮ್ಮಲ್ಲೂ 'ಫ್ಲಿಪ್ ಅಪ್' ಅಂತ ಸಿಗುತ್ತೆ. ಸ್ವಲ್ಪ ಭಾರ, ಸ್ವಲ್ಪ ದುಬಾರಿ. ಕಟ್ಟೆ ಹತ್ತಿರ ಬೈಕ್ ನಿಲ್ಲಿಸಿ, ಪಟ್ಟಿ ಎತ್ತಿ, ಮುಖ ಕೊಟ್ಟು ಮಾತಾಡಿ, ಎಲೆ ಅಡಿಕೆ ಉಗಿದು, ಮತ್ತೆ ಇಳಿಸಿಕೊಂಡು ಹೋಗಬಹುದು. ಇಳಿಸಿಕೊಳ್ಳೋದು ಮುಖ್ಯ. ಎತ್ತಿಕೊಂಡೇ ಓಡಿಸಿದರೆ ಅದು ಭಾರ ಜಾಸ್ತಿ ಇರೋ ಓಪನ್ ಫೇಸ್ ಅಷ್ಟೇ.

ಮಿಕ್ಕ ನಮ್ಮಂಥವರಿಗೆ, ಶುಕ್ರವಾರ ಸಂಜೆ ನೆಲಮಂಗಲ ದಾಟಿ ಹಾಸನದ ಹೈವೇಯಲ್ಲಿ ಊರಿಗೆ ಓಡೋರಿಗೆ, ಆಯ್ಕೆ ಕಷ್ಟದ್ದೇನಲ್ಲ. ಫುಲ್ ಫೇಸ್ ತಗೊಳ್ಳಿ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಎತ್ತಿ ಮುಂದಕ್ಕೆ ತಳ್ಳಿ ನೋಡಿ, ಕಳಚಿ ಬಂದರೆ ಅದು ನಿಮ್ಮ ಸೈಜಲ್ಲ. ವೈಸರ್‌ನಲ್ಲಿ ಗೀರು ಬಿದ್ದರೆ ಬದಲಾಯಿಸಿ, ರಾತ್ರಿ ಎದುರಿನ ಲೈಟಿಗೆ ಗೀರೆಲ್ಲ ಜೇಡರ ಬಲೆ ಆಗುತ್ತೆ. ಊರಿಗೆ ಒಯ್ಯೋ ಸಿಹಿ ಡಬ್ಬದ ಜೊತೆ ಇನ್ನೊಂದು ಹೆಲ್ಮೆಟ್ಟೂ ಇರಲಿ.

ಸೇನೆ ಒಪ್ಪಿಕೊಂಡದ್ದನ್ನು ಊರಿನ ಜನಕ್ಕೆ ದಾಟಿಸೋಕೆ ಬ್ರಿಟನ್ನಿಗೆ 32 ವರ್ಷ ಬೇಕಾಯಿತು. ಗರ್ನಿ ಗದ್ದ ಮುಚ್ಚಿಕೊಂಡು ಅರ್ಧ ಶತಮಾನವೇ ದಾಟಿದೆ, ನಮ್ಮ ಕಾನೂನು ಇನ್ನೂ ಅಲ್ಲಿಗೆ ಬಂದಿಲ್ಲ. ಬರಲಿ ಅಂತ ಕಾಯೋದಾದರೆ ಕಾಯಬಹುದು. ಹುರುಳಿ ಒಕ್ಕಣೆ ಮಾತ್ರ ಪ್ರತಿ ಡಿಸೆಂಬರಿಗೆ ತಪ್ಪದೆ ಬರುತ್ತೆ.