ದಂಡನಾಯಕನ ಪರೀಕ್ಷೆ

ಬೀದರ ಜಿಲ್ಲೆಯ ಹುಮನಾಬಾದ ಸೀಮೆಗೆ ಸೇರಿದ ನಿರ್ಣಾ ಗ್ರಾಮವು ಇತಿಹಾಸ ಗ್ರಂಥಗಳಲ್ಲಿ ದೊಡ್ಡ ಹೆಸರು ಪಡೆದ ಸ್ಥಳವಲ್ಲ. ಆದರೆ ಅದೇ ಸೀಮೆಯ ನೆರೆಯಲ್ಲಿರುವ ಬಸವಕಲ್ಯಾಣವು ಒಂದು ಕಾಲಕ್ಕೆ ದಕ್ಷಿಣಾಪಥದ ಬಹುಭಾಗವನ್ನಾಳಿದ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿತ್ತೆಂಬುದು ವಾಚಕರಿಗೆ ವಿದಿತವೇ ಇದೆ. ಇಂದು ಈ ಕಡೆಯ ಹಳ್ಳಿಯ ತರುಣನೊಬ್ಬನು ಸೇನೆಯಲ್ಲಿ ಅಧಿಕಾರಿಯಾಗಬೇಕೆಂದು ಹಂಬಲಿಸಿ ಬೆಂಗಳೂರಿನ ಆಯ್ಕೆ ಮಂಡಲಿಯ ಮುಂದೆ ನಿಲ್ಲಲು ಹೊರಟರೆ, ಆ ಪರೀಕ್ಷೆಯು ಪರದೇಶದಿಂದ ಬಂದುದು, ಪಟ್ಟಣದವರಿಗಾಗಿ ಹುಟ್ಟಿದುದು, ತನಗೆ ನಿಲುಕದುದು ಎಂಬ ಅಳುಕು ಅವನಲ್ಲಿ ಹುಟ್ಟುವದು ಸಹಜ. ಈ ಅಳುಕಿನಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡತಕ್ಕದ್ದು.

ಭೂಲೋಕಮಲ್ಲನೆಂದೂ ಸರ್ವಜ್ಞನೆಂದೂ ಬಿರುದು ಧರಿಸಿದ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರ ವರೆಗೆ ಕಲ್ಯಾಣದ ಸಿಂಹಾಸನದಲ್ಲಿದ್ದನು. ಇವನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿರುವದು. ಅಭಿಲಷಿತಾರ್ಥಚಿಂತಾಮಣಿ ಎಂಬುದು ಇದರದೇ ಇನ್ನೊಂದು ಹೆಸರು. ಅಡಿಗೆ, ಸಂಗೀತ, ಚಿತ್ರಕಲೆ, ಗಜಶಾಸ್ತ್ರ ಇವೆಲ್ಲವನ್ನು ಒಳಕೊಂಡ ಈ ಗ್ರಂಥದ ಎರಡನೆಯ ವಿಂಶತಿಯು ರಾಜ್ಯವನ್ನು ಸ್ಥಿರಪಡಿಸುವ ಬಗೆಯನ್ನು ಹೇಳುವದು. ಅಲ್ಲಿ ಮೌಲ, ಭೃತ್ಯ, ಮಿತ್ರ, ಶ್ರೇಣಿ, ಆಟವಿಕ, ಅಮಿತ್ರ ಎಂದು ಸೇನೆಯ ಆರು ಬಗೆಗಳ ವಿಚಾರವಿದೆ. ಸೇನಾಪತಿಯ ಲಕ್ಷಣಗಳನ್ನು ಹೇಳುವಾಗ ಅರಸನು ಕುಲಶೀಲ, ಶೌರ್ಯ, ಆನೆ ಕುದುರೆಗಳ ಸವಾರಿ, ಶಸ್ತ್ರಾಸ್ತ್ರಗಳ ಪರಿಚಯ ಇಷ್ಟಕ್ಕೇ ತೃಪ್ತನಾಗದೆ, ಅನೇಕ ಭಾಷೆಗಳ ತಿಳಿವು, ಸವಿನುಡಿ, ಔದಾರ್ಯ, ಆತ್ಮಸಂಯಮ ಇವುಗಳನ್ನೂ ಬೇಡುವನು. ತೋಳ್ಬಲವೊಂದೇ ದಂಡನಾಯಕನನ್ನು ಮಾಡಲಾರದೆಂಬ ತಿಳಿವಳಿಕೆ ಒಂಬತ್ತು ಶತಮಾನಗಳ ಹಿಂದೆಯೇ ಕಲ್ಯಾಣದಲ್ಲಿ ನೆಲೆಸಿತ್ತು.

ಲಕ್ಷಣಗಳನ್ನು ಹೇಳುವದು ಸುಲಭ. ಎದುರಿಗೆ ನಿಂತ ಮನುಷ್ಯನಲ್ಲಿ ಅವು ಇರುವವೋ ಇಲ್ಲವೋ ಎಂದು ಅರಿಯುವದು ಕಠಿಣ. ಈ ಕಠಿಣ ಕಾರ್ಯಕ್ಕೆ ಮಾರ್ಗ ತೋರಿದವನು ಕೌಟಿಲ್ಯನು. ಅವನ ಅರ್ಥಶಾಸ್ತ್ರದ ಪ್ರತಿಯು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ದೊರೆತು, ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳ ಕೈಯಿಂದ ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ಬಂದಿತೆಂಬುದು ಕನ್ನಡಿಗರೆಲ್ಲರ ಹೆಮ್ಮೆಯ ಸಂಗತಿ. ಅಮಾತ್ಯರ ಗುಣಗಳನ್ನು ಒಂದೇ ಬಾಗಿಲಿನಿಂದ ನೋಡಬಾರದೆಂಬುದು ಕೌಟಿಲ್ಯನ ಅಭಿಪ್ರಾಯ. ಕುಲಾಚಾರಗಳನ್ನು ಆಪ್ತರಿಂದ ಕೇಳಬೇಕು. ವಿದ್ಯೆಯನ್ನು ಆ ವಿದ್ಯೆಯನ್ನು ಬಲ್ಲವರಿಂದ ಅಳೆಯಿಸಬೇಕು. ಬುದ್ಧಿ, ಧಾರಣೆ, ದಕ್ಷತೆಗಳನ್ನು ಕೆಲಸಕ್ಕೆ ಹಚ್ಚಿ ಕಾಣಬೇಕು. ವಾಕ್ಚಾತುರ್ಯವನ್ನೂ ಪ್ರತಿಭೆಯನ್ನೂ ಸಂಭಾಷಣೆಯಲ್ಲಿ, ಉತ್ಸಾಹವನ್ನೂ ಕ್ಲೇಶ ಸಹಿಸುವ ಶಕ್ತಿಯನ್ನೂ ಆಪತ್ತಿನಲ್ಲಿ, ಶೀಲವನ್ನೂ ಆರೋಗ್ಯವನ್ನೂ ಜೊತೆಗೆ ಬಾಳಿದವರ ಮಾತಿನಲ್ಲಿ ಅರಿಯಬೇಕು. ಕಣ್ಣಿಗೆ ಕಂಡುದು ಪ್ರತ್ಯಕ್ಷ, ಪರರು ಹೇಳಿದುದು ಪರೋಕ್ಷ, ಮಾಡಿದುದರಿಂದ ಮಾಡದುದನ್ನು ಊಹಿಸುವದು ಅನುಮಾನ. ಈ ಮೂರೂ ಕೂಡಿದಾಗಲೇ ಮನುಷ್ಯನ ಪರಿಚಯ ಪೂರ್ಣವಾಗುವದು.

ಇಂಥ ಶಾಸ್ತ್ರಗಳಿದ್ದೂ ಕಲ್ಯಾಣವು ಉಳಿಯಲಿಲ್ಲ. ಸೋಮೇಶ್ವರನು ತೀರಿಕೊಂಡು ಕಾಲು ಶತಮಾನ ಕಳೆಯುವಷ್ಟರಲ್ಲಿ, ಚಾಲುಕ್ಯರ ಮಾಂಡಲಿಕನೇ ಆಗಿದ್ದ ಕಲಚುರಿ ಬಿಜ್ಜಳನು ೧೧೬೨ರ ಹೊತ್ತಿಗೆ ಸಿಂಹಾಸನವನ್ನು ತನ್ನದಾಗಿ ಮಾಡಿಕೊಂಡನು. ಅವನಲ್ಲಿ ಶೌರ್ಯಕ್ಕಾಗಲಿ ಸಾಮರ್ಥ್ಯಕ್ಕಾಗಲಿ ಕೊರತೆಯಿರಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ ನಾಲ್ಕನೆಯ ಸೋಮೇಶ್ವರನಿಗೆ ಪೂರ್ವಜರ ಗದ್ದುಗೆಯನ್ನು ತಿರುಗಿ ದೊರಕಿಸಿಕೊಟ್ಟ ದಂಡನಾಯಕ ಬ್ರಹ್ಮನಾದರೂ ಕಲಚುರಿಗಳ ಪಕ್ಷದಿಂದ ಬಂದವನೇ. ಖಡ್ಗವು ಒಬ್ಬ ಒಡೆಯನಿಂದ ಇನ್ನೊಬ್ಬನ ಕಡೆಗೆ ಹೊರಳುತ್ತಿದ್ದ ಆ ಕಾಲದಲ್ಲಿ ಕೈಯ ಕೌಶಲವನ್ನು ಅಳೆಯುವವರು ಹಲವರಿದ್ದರು. ಅಧಿಕಾರ ಕೈಗೆ ಬಂದ ಮೇಲೆ ಮನಸ್ಸು ಎತ್ತ ಹೊರಳುವದೆಂದು ಮೊದಲೇ ಅರಿಯುವ ಉಪಾಯವಿರಲಿಲ್ಲ. ಸೇನಾನಾಯಕನ ಪರೀಕ್ಷೆಯು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯೆಂಬುದಕ್ಕೆ ಕಲ್ಯಾಣದ ಕೋಟೆಗಿಂತ ಬೇರೆ ಸಾಕ್ಷಿ ಬೇಡ.

ಬ್ರಿಟಿಷರ ಆಳಿಕೆಯಲ್ಲಿ ಭಾರತೀಯನಿಗೆ ಬಹುಕಾಲ ಈ ಪರೀಕ್ಷೆಯ ಬಾಗಿಲೇ ತೆರೆದಿರಲಿಲ್ಲ. ಮೊದಲನೆಯ ಮಹಾಯುದ್ಧದ ಕೊನೆಗೆ, ೧೯೧೮ರಲ್ಲಿ, ಇಂಗ್ಲಂಡದ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಲ್ಲಿ ವರ್ಷಕ್ಕೆ ಹತ್ತು ಸ್ಥಾನಗಳು ಭಾರತೀಯರಿಗೆ ದೊರೆತವು. ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು ೧೯೧೯ರಲ್ಲಿ ಅಧಿಕಾರಿಗಳಾದ ಮೊದಲಿಗರಲ್ಲಿ ಕೊಡಗಿನ ಕೆ. ಎಂ. ಕಾರಿಯಪ್ಪನವರೊಬ್ಬರು; ೧೯೪೯ರ ಜನವರಿ ೧೫ರಂದು ಇವರೇ ಭಾರತ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಕೊಡಗಿನವರೇ ಆದ ಕೆ. ಎಸ್. ತಿಮ್ಮಯ್ಯನವರು ಸ್ಯಾಂಡ್‌ಹರ್ಸ್ಟಿನಿಂದ ೧೯೨೬ರಲ್ಲಿ ಹೊರಬಂದು, ೧೯೫೭ರಲ್ಲಿ ಸೇನೆಯ ಮುಖ್ಯಸ್ಥರಾದರು. ಡೆಹರಾಡೂನದಲ್ಲಿ ಭಾರತೀಯ ಸೈನಿಕ ವಿದ್ಯಾಲಯವು ೧೯೩೨ರಲ್ಲಿ ಸ್ಥಾಪಿತವಾಯಿತು. ೧೯೪೮ರ ಸಪ್ಟಂಬರದಲ್ಲಿ ಸೊಲ್ಲಾಪುರದ ಕಡೆಯಿಂದ ಹೈದರಾಬಾದಕ್ಕೆ ನಡೆದ ಭಾರತದ ಸೇನೆಯು ಹುಮನಾಬಾದದ ಮಾರ್ಗವಾಗಿಯೇ ಸಾಗಿತು. ಅದನ್ನು ನಡೆಸಿದ ಜೆ. ಎನ್. ಚೌಧುರಿಯವರೂ ಸ್ಯಾಂಡ್‌ಹರ್ಸ್ಟಿನಲ್ಲಿ ಕಲಿತ ಭಾರತೀಯರೇ.

ಆ ಮೊದಲಿಗರ ಕಾಲದಲ್ಲಿ ಮನೆತನ, ಶಾಲೆ, ಅಲ್ಪಹೊತ್ತಿನ ಸಂದರ್ಶನ ಇವುಗಳಿಗೆ ಬಹಳ ಮಹತ್ವವಿತ್ತು. ಎರಡನೆಯ ಮಹಾಯುದ್ಧವು ಅಧಿಕಾರಿಗಳನ್ನು ಸಹಸ್ರ ಸಂಖ್ಯೆಯಲ್ಲಿ ಬೇಡಿದಾಗ ಈ ತೂಕದ ಬಟ್ಟುಗಳು ಸಾಲದೆ ಹೋದವು. ಬ್ರಿಟನ್ನಿನಲ್ಲಿ ೧೯೪೨ರಲ್ಲಿ ಮನಶ್ಶಾಸ್ತ್ರಜ್ಞರನ್ನೊಳಗೊಂಡ ಆಯ್ಕೆ ಮಂಡಲಿಗಳು ಹುಟ್ಟಿದವು. ಮರುವರ್ಷವೇ ಡೆಹರಾಡೂನದಲ್ಲಿ ಆ ಪದ್ಧತಿಯ ಪ್ರಯೋಗ ಆರಂಭವಾಯಿತು. ಬಹುಕಾಲದಿಂದ ನಡೆದುಬಂದ ಕ್ರಮದಲ್ಲಿ ಈ ಪರೀಕ್ಷೆಗೆ ಐದು ದಿನ. ಮೊದಲ ದಿನ ಬುದ್ಧಿಯ ಪರೀಕ್ಷೆಯಲ್ಲಿಯೇ ಹಲವರು ಹಿಂದಿರುಗುವರು. ಉಳಿದವರಿಗೆ ಒಂದು ಚಿತ್ರವನ್ನು ಅರ್ಧ ನಿಮಿಷ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಯಿಸುವರು. ಹೀಗೆ ಹನ್ನೆರಡು ಕಥೆಗಳು, ಕೊನೆಯದು ಬರಿಯ ಬಿಳಿಯ ಹಾಳೆಗೆ. ಅರವತ್ತು ಶಬ್ದಗಳನ್ನು ಹದಿನೈದು ಸೆಕೆಂಡಿಗೊಂದರಂತೆ ತೋರಿಸಿ ಒಡನೆ ಹೊಳೆದ ವಾಕ್ಯವನ್ನು ಕೇಳುವರು. ಅರವತ್ತು ಸಂಕಟದ ಪ್ರಸಂಗಗಳಿಗೆ ಅರ್ಧ ತಾಸಿನಲ್ಲಿ ಪರಿಹಾರ ಬೇಡುವರು. ಬಯಲಿನಲ್ಲಿ ಹಲಿಗೆ, ಹಗ್ಗ, ಮರದ ತುಂಡುಗಳನ್ನು ಕೊಟ್ಟು, ನಾಯಕನನ್ನು ನೇಮಿಸದೆ, ಗುಂಪನ್ನು ಅಡೆತಡೆಗಳ ಆಚೆಗೆ ದಾಟಿರೆನ್ನುವರು. ಒಬ್ಬ ಅಧಿಕಾರಿಯು ಪ್ರತ್ಯೇಕವಾಗಿ ಸಂದರ್ಶಿಸುವನು. ಮನಸ್ಸನ್ನೊಬ್ಬನು, ಮಾತನ್ನೊಬ್ಬನು, ಕೃತಿಯನ್ನೊಬ್ಬನು ಬೇರೆಬೇರೆಯಾಗಿ ಅಳೆದು ಕೊನೆಯ ದಿನ ಕೂಡಿ ನಿರ್ಣಯಿಸುವರು. ಮನಸಾ ವಾಚಾ ಕರ್ಮಣಾ ಎಂಬ ನಮ್ಮ ಹಳೆಯ ತ್ರಿಕವೇ ಇಲ್ಲಿ ಹೊಸ ಉಡುಪಿನಲ್ಲಿ ಬಂದಿರುವದು.

ಇಂತಿರಲು ಈ ಪರೀಕ್ಷೆಗೆ ಸಿದ್ಧತೆ ಹೇಗೆ? ಹಣ ತೆತ್ತರೆ ಸಿದ್ಧ ಕಥೆಗಳನ್ನೂ ಸಿದ್ಧ ಉತ್ತರಗಳನ್ನೂ ಬಾಯಿಪಾಠ ಮಾಡಿಸುವ ಶಾಲೆಗಳು ಪಟ್ಟಣಗಳಲ್ಲಿವೆ. ಪರೀಕ್ಷೆಯ ಸ್ವರೂಪವನ್ನು ಮೊದಲೇ ತಿಳಿದುಕೊಳ್ಳುವದರಲ್ಲಿ ದೋಷವಿಲ್ಲ. ಅಪರಿಚಿತ ಸ್ಥಳದ ಭಯ ಅದರಿಂದ ಕಳೆಯುವದು. ಆದರೆ ಎರವಲು ತಂದ ಮನಸ್ಸು ಹದಿನೈದು ಸೆಕೆಂಡಿನಲ್ಲಿ ಬಯಲಾಗುವದು. ನಿರ್ಮಲನಾದವನನ್ನು ಪರೀಕ್ಷೆಯ ನೆವದಿಂದ ಕೆಡಿಸುವದು ನೀರಿಗೆ ವಿಷ ಬೆರಸಿದಂತೆ ಎಂದು ಕೌಟಿಲ್ಯನು ಅರಸರನ್ನು ಎಚ್ಚರಿಸಿದ್ದಾನೆ. ಅರಸರಿಗೆ ಹೇಳಿದ ಈ ಮಾತು ಇಂದು ಗುರುಗಳಿಗೂ ತಂದೆತಾಯಿಗಳಿಗೂ ಸಲ್ಲತಕ್ಕದ್ದು. ಪ್ರಾಮಾಣಿಕನಾದ ಹುಡುಗನಿಗೆ ಪ್ರಾಮಾಣಿಕತೆಯ ನಟನೆಯನ್ನು ಕಲಿಸಿದರೆ ಅವನಲ್ಲಿದ್ದ ಮೂಲಧನವೇ ಕೆಡುವದು. ಅವನು ತೇರ್ಗಡೆಯಾದರೆ ಸೇನೆಗೆ ಹಾನಿ, ಆಗದಿದ್ದರೆ ಅವನಿಗೆ ಹಾನಿ.

ಹಳ್ಳಿಯ ತರುಣನ ಅಳುಕಿನಲ್ಲಿ ನಿಜವಾದ ಅಂಶವೊಂದುಂಟು. ಕನ್ನಡದಲ್ಲಿ ಕಲಿತವನಿಗೆ ಅಲ್ಲಿಯ ಇಂಗ್ಲಿಷ ವ್ಯವಹಾರವು ಭಾರವಾಗುವದು. ಇದಕ್ಕೆ ಉಪಾಯ ಒಂದೇ. ಎಳೆತನದಿಂದ ದಿನವೂ ಸ್ವಲ್ಪ ಓದು, ಸ್ವಲ್ಪ ಮಾತು. ಸೇನಾಪತಿಗೆ ಬಹುಭಾಷೆಗಳು ಬೇಕೆಂದ ಸೋಮೇಶ್ವರನು ಈ ನೆಲದ ಅರಸನೇ ಅಲ್ಲವೆ? ಮಿಕ್ಕ ಗುಣಗಳಿಗೆ ಹಳ್ಳಿಯೇ ಗರಡಿ. ನಸುಕಿನಲ್ಲಿ ಎದ್ದು ಓಡುವದು, ಬರಗಾಲದ ವರ್ಷ ಮನೆಯ ಹೊರೆ ಹೊರುವದು, ಜಾತ್ರೆಯ ಗದ್ದಲದಲ್ಲಿ ಹತ್ತು ಜನರನ್ನು ಕೂಡಿಸಿ ಕೆಲಸ ಮುಗಿಸುವದು, ತಪ್ಪಾದಾಗ ತನ್ನದೆಂದು ಒಪ್ಪಿಕೊಳ್ಳುವದು ಇವೆಲ್ಲ ಆ ಬಯಲಿನ ಪರೀಕ್ಷೆಗೆ ನಿಜವಾದ ಅಭ್ಯಾಸಗಳು. ವಿಜಾಪುರದ ಸೈನಿಕ ಶಾಲೆಯು ೧೯೬೩ರಿಂದಲೂ ಕೊಡಗಿನದು ೨೦೦೭ರಿಂದಲೂ ಕರ್ನಾಟಕದ ಮಕ್ಕಳಿಗೆ ತೆರೆದಿವೆ. ಬೀದರದಲ್ಲಿ ವಾಯುಸೇನೆಯ ತರಬೇತಿಯ ನೆಲೆಯಿದೆ. ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ವಿದ್ಯಾಲಯವು ೨೦೨೨ರಿಂದ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿರುವದರಿಂದ ಈ ಮಾತುಗಳು ಮಗನಿಗೆ ಹೇಗೋ ಮಗಳಿಗೂ ಹಾಗೆಯೇ.

ಆಯ್ಕೆಯಾಗದೆ ಹಿಂದಿರುಗುವವರೇ ಯಾವಾಗಲೂ ಹೆಚ್ಚು. ಅಂಥವನನ್ನು ಮನೆಯವರು ಸೋತವನೆಂದು ಎಣಿಸಲಾಗದು; ಮತ್ತೊಮ್ಮೆ ಹೋಗಿ ಗೆದ್ದವರೂ ಅನೇಕರುಂಟು. ಕಲ್ಯಾಣದಲ್ಲಿ ಗ್ರಂಥವಿತ್ತು, ಗ್ರಂಥ ಬಲ್ಲವರಿದ್ದರು, ಗೆಲ್ಲುವ ಶೂರರೂ ಇದ್ದರು. ಒಪ್ಪಿಸಿದ ಬೀಗದ ಕೈಯನ್ನು ಒಡೆಯನು ಕಾಣದಾಗಲೂ ಕಾಯುವವರ ಕೊರತೆಯಿಂದ ಅದು ಹಾಳಾಯಿತು. ಆ ಗುಣವನ್ನು ಯಾವ ಮಂಡಲಿಯೂ ಐದು ದಿನಗಳಲ್ಲಿ ಹುಟ್ಟಿಸಲಾರದು, ಇದ್ದರೆ ಕಂಡುಹಿಡಿಯಬಲ್ಲದು. ಹುಟ್ಟಿಸುವ ಕೆಲಸ ನಿರ್ಣಾದಂಥ ಹಳ್ಳಿಗಳ ಮನೆಗಳಿಗೆ ಸೇರಿದ್ದು.